ಗುಂಡಿ ಗರಗಸದಿಂದ ಗಾಲಿ ಗರಗಸದವರೆಗೆ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಆಡಳಿತ ಮಂಡಳಿಯವರು ಕೇಳಿದರು. ಸಾಲ, ಗೊಬ್ಬರ, ಬಿತ್ತನೆ ಬೀಜ ಇವುಗಳ ಲೆಕ್ಕ ಹೇಗೂ ವಾರ್ಷಿಕ ವರದಿಯಲ್ಲಿ ಬರುತ್ತದೆ. ವರದಿಯಲ್ಲಿ ಬಾರದ ಒಂದು ವಿಷಯ ಬರೆಯೋಣ ಅಂತ ನಾವು ಕೆಲವು ಸದಸ್ಯರು ಜಗಲಿ ಮೇಲೆ ಕೂತು ಮಾತಾಡಿಕೊಂಡೆವು. ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಮರಕ್ಕೆ ಬಂದು ನಿಂತಿತು. ನಮ್ಮಲ್ಲಿ ಯಾರ ಹೊಲಕ್ಕೆ ಹೋದರೂ ಬದುವಿನ ಮೇಲೆ ಒಂದು ಹೊಂಗೆ, ಒಂದು ಬೇವು, ಹಿತ್ತಲಲ್ಲಿ ಒಂದು ಹಲಸು, ಗದ್ದೆ ಅಂಚಿಗೆ ಹತ್ತಾರು ತೆಂಗು ಇದ್ದೇ ಇರುತ್ತವೆ. ಬತ್ತ, ಕಬ್ಬು, ಹಾಲು ಇವುಗಳ ರೇಟು ನಮಗೆಲ್ಲ ಬಾಯಿಪಾಠ. ಆದರೆ ನಮ್ಮ ಮರದ ಬೆಲೆ ಎಷ್ಟು ಅಂತ ಕೇಳಿದರೆ ಬಾಯಿ ಕಟ್ಟುತ್ತದೆ. ಇದು ಯಾಕೆ ಹೀಗಾಯಿತು ಎಂಬುದನ್ನು ಹುಡುಕುತ್ತಾ ಹೋದಾಗ, ನಮ್ಮ ಸೀಮೆಯಲ್ಲಿ ಮರ ಕೊಯ್ಯುವ ಕೆಲಸದ ಚರಿತ್ರೆಯೇ ಎದುರಿಗೆ ಬಂತು. ಜೊತೆಗೆ ನಾವೇ ಕೈಹಾಕಿದ ಒಂದು ಯಂತ್ರದ ಕಥೆಯೂ ಸೇರಿಕೊಂಡಿತು. ಅದನ್ನು ಇದ್ದದ್ದು ಇದ್ದ ಹಾಗೆ ಇಲ್ಲಿ ಬರೆದಿದ್ದೇವೆ.

ಗುಂಡಿ ಗರಗಸದ ಕಾಲ

ನಾವು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಊರಲ್ಲಿ ಯಾರಾದರೂ ಮನೆ ಕಟ್ಟಿಸುತ್ತಾರೆ ಅಂದರೆ ಮೊದಲ ಕೆಲಸ ಮರ ನೋಡುವುದು. ಮನೆಯ ಯಜಮಾನರೂ ಆಚಾರ್ರೂ ಒಟ್ಟಿಗೆ ಹೋಗಿ ಮರದ ಸುತ್ತ ತಿರುಗಿ, ಕೈಯಲ್ಲಿ ತಟ್ಟಿ, ಎಲ್ಲಿ ಗಂಟಿದೆ, ಎಲ್ಲಿ ಪೊಟರೆ ಬಿದ್ದಿದೆ ಅಂತ ನೋಡುತ್ತಿದ್ದರು. ಬಾಗಿಲುವಾಡಕ್ಕೆ ಹಲಸು, ಜಂತೆ ತೊಲೆಗೆ ಬೇವು, ಗಾಡಿಗೆ ನೇಗಿಲಿಗೆ ಜಾಲಿ ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಮರ. ಕಡಿಯುವ ಮುಂಚೆ ಬುಡಕ್ಕೆ ಎಲೆ ಅಡಿಕೆ ಇಟ್ಟು ಕೈ ಮುಗಿಯುವುದು ವಾಡಿಕೆ. ಮರ ಉರುಳಿದ ಮೇಲೆ ಕೊಂಬೆ ಸವರಿ, ದಿಮ್ಮಿಯ ಎರಡು ತುದಿಗೂ ಸಗಣಿ ಬಳಿಯುತ್ತಿದ್ದರು. ತುದಿ ಬೇಗ ಒಣಗಿ ಸೀಳು ಬಿಡದೆ ಇರಲಿ ಅಂತ.

ಆಮೇಲೆ ಮರ ಕುಯ್ಯುವವರು ಬರುತ್ತಿದ್ದರು. ಇಬ್ಬರು ಆಳು, ಒಂದು ಉದ್ದನೆಯ ಗರಗಸ, ಒಂದು ಅರ, ಒಂದು ದಾರದ ಉಂಡೆ ಇಷ್ಟೇ ಅವರ ಬಂಡವಾಳ. ಮರ ಬಿದ್ದ ಜಾಗದಲ್ಲೇ ಆಳುದ್ದ ಗುಂಡಿ ತೋಡಿ, ಅದರ ಮೇಲೆ ಅಡ್ಡಮರ ಹಾಕಿ, ಹಾರೆ ಮೀಟಿ ದಿಮ್ಮಿ ಉರುಳಿಸಿ ಕೂರಿಸುತ್ತಿದ್ದರು. ಗುಂಡಿ ತೋಡಲು ಆಗದ ಕಡೆ ಕವಲುಮರ ನೆಟ್ಟು ದಿಮ್ಮಿಯನ್ನು ಎತ್ತರಕ್ಕೆ ಏರಿಸಿಕೊಳ್ಳುತ್ತಿದ್ದರು. ಇದ್ದಿಲ ನೀರಿನಲ್ಲೋ ಕೆಮ್ಮಣ್ಣಿನಲ್ಲೋ ಅದ್ದಿದ ದಾರವನ್ನು ದಿಮ್ಮಿಯ ಉದ್ದಕ್ಕೂ ಎಳೆದು ಹಿಡಿದು, ನಡುವೆ ಎತ್ತಿ ಟಪ್ ಅಂತ ಬಿಟ್ಟರೆ ನೇರ ಗೆರೆ ಬೀಳುತ್ತಿತ್ತು. ಒಬ್ಬ ಮೇಲೆ ನಿಂತು ಗೆರೆ ನೋಡಿ ಗರಗಸ ನಡೆಸುವವನು, ಇನ್ನೊಬ್ಬ ಗುಂಡಿಯೊಳಗೆ ನಿಂತು ಎಳೆಯುವವನು. ಕೆಳಗಿನವನ ತಲೆಗೆ ಟವಲ್ಲು, ಮೈಮೇಲೆಲ್ಲ ಹೊಟ್ಟು. ಹುಡುಗರಾದ ನಾವು ಗುಂಡಿಯ ಅಂಚಿನಲ್ಲಿ ಕೂತು ನೋಡುತ್ತಿದ್ದರೆ, "ಲೋ, ಕಣ್ಗೆ ಹೊಟ್ಟು ಬೀಳ್ತದೆ, ಅತ್ಲಾಗೋಗ್ರೋ" ಅಂತ ಬೈಸಿಕೊಳ್ಳುತ್ತಿದ್ದೆವು.

ಗರಗಸದ ಹಲ್ಲನ್ನು ಒಂದು ಬಿಟ್ಟು ಒಂದು ಆಚೆಗೂ ಈಚೆಗೂ ಕೊಂಚ ಬಾಗಿಸಿರುತ್ತಾರೆ. ಹಾಗೆ ಬಾಗಿಸದಿದ್ದರೆ ಗರಗಸ ಮರದೊಳಗೆ ಸಿಕ್ಕಿಹಾಕಿಕೊಂಡು ಅಲ್ಲಾಡುವುದಿಲ್ಲ. ಬಾಗಿಸಿದಷ್ಟೂ ಅಗಲವಾಗಿ ಕೊಯ್ಯುತ್ತದೆ, ಅಷ್ಟೂ ಮರ ಹೊಟ್ಟಾಗುತ್ತದೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಲೆಕ್ಕಕ್ಕೆ ಬೇಕಾಗುತ್ತದೆ.

ಆ ಕಾಲದ ಕೆಲಸ ನಿಧಾನ, ಮೈಮುರಿಯುವಂಥದ್ದು, ಅದನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶ ನಮಗಿಲ್ಲ. ಗುಂಡಿಯೊಳಗೆ ನಿಂತವನ ಕಣ್ಣು, ಎದೆ, ಬೆನ್ನು ಎಲ್ಲವೂ ಸವೆಯುತ್ತಿದ್ದವು. ಆದರೆ ಒಂದು ಒಳ್ಳೆಯದಿತ್ತು. ಗರಗಸವೇ ಮರದ ಹತ್ತಿರ ಬರುತ್ತಿತ್ತು. ಎಷ್ಟು ಹಲಗೆ ಬಂತು, ಎಷ್ಟು ತೊಲೆ ಬಂತು, ಹೊರಪಟ್ಟೆ ಎಷ್ಟು ಹೋಯಿತು ಎಲ್ಲವೂ ಮರದ ಒಡೆಯನ ಕಣ್ಣ ಮುಂದೆ. ಹಲಗೆ ಮನೆಗೆ, ಚಕ್ಕೆ ಒಲೆಗೆ, ಹೊಟ್ಟು ತಿಪ್ಪೆಗೆ. ಒಂದು ಹಿಡಿಯೂ ಲೆಕ್ಕ ತಪ್ಪುತ್ತಿರಲಿಲ್ಲ.

ಕರೆಂಟು, ಕಬ್ಬಿಣ, ನಾಲೆ

ಮರದ ಕೆಲಸ ಬದಲಾಗಲು ಮೂರು ಸಂಗತಿಗಳು ಕಾರಣವಾದವು. ಮೂರೂ ಹಳೆಯ ಮೈಸೂರು ಸಂಸ್ಥಾನದ ಕಾಲದವು.

ಮೊದಲನೆಯದು ಕರೆಂಟು. 1902ರಲ್ಲಿ ನಮ್ಮ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತಯಾರಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಕರೆಂಟು ಹುಟ್ಟಿದ್ದು ನಮ್ಮಲ್ಲೇ ಆದರೂ ನಮ್ಮ ಹಳ್ಳಿಗಳ ಸರದಿ ಬಂದದ್ದು ಎಷ್ಟೋ ವರ್ಷ ತಡವಾಗಿ. ಎರಡನೆಯದು ಕಬ್ಬಿಣ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಅಲ್ಲಿ ಕಲ್ಲಿದ್ದಲ ಬದಲು ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದಲೇ ಅದಿರು ಕರಗಿಸಿದರು. ಮರ ಉರಿದು ಕಬ್ಬಿಣವಾಯಿತು, ಕಬ್ಬಿಣ ಮತ್ತೆ ಮರ ಕಡಿಯಿತು. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಮೂರನೆಯದು ನಾಲೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸ ಇಪ್ಪತ್ತು ವರ್ಷ ನಡೆಯಿತು. ಇರ್ವಿನ್ ನಾಲೆ ಎಂದು ಆಗ ಕರೆದ, ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ನಮ್ಮ ಸೀಮೆಯ ಚಹರೆಯೇ ಬೇರೆಯಾಯಿತು. ರಾಗಿ ಹೊಲದ ಜಾಗದಲ್ಲಿ ಕಬ್ಬು ಬತ್ತ ಬಂದವು. ಬದುವಿನ ಜಾಲಿಮರ ಕಡಿಮೆಯಾಗಿ ಗದ್ದೆ ಅಂಚಿಗೆ ತೆಂಗು ಎದ್ದು ನಿಂತಿತು. ಕೈಗೆ ಕಾಸು ಬಂದಂತೆ ಮಣ್ಣಿನ ಮನೆಗಳು ಹೆಂಚಿನ ಮನೆಗಳಾದವು. ಹೆಂಚಿನ ಮನೆ ಎಂದರೆ ತೊಲೆ, ಜಂತೆ, ರೀಪು ಎಲ್ಲಕ್ಕೂ ಮರ. ಗುಂಡಿ ಗರಗಸದ ಇಬ್ಬರು ಆಳಿನಿಂದ ಇಷ್ಟು ಬೇಡಿಕೆ ಪೂರೈಸುವುದು ಸಾಧ್ಯವೇ?

ಹೀಗೆ ಪಟ್ಟಣಗಳಲ್ಲಿ ಸಾಮಿಲ್ ಹುಟ್ಟಿದವು. ಯಂತ್ರದಿಂದ ಮರ ಕೊಯ್ಯುವುದು ಲೋಕಕ್ಕೆ ಹೊಸದೇನಲ್ಲ. ಯುರೋಪಿನಲ್ಲಿ ನೀರಿನ ಚಕ್ರದಿಂದ ಗರಗಸ ನಡೆಸುವ ಚಿತ್ರವನ್ನು ಏಳುನೂರು ವರ್ಷಕ್ಕೂ ಹಿಂದೆಯೇ ಬರೆದಿಟ್ಟಿದ್ದಾರೆ. ತಟ್ಟೆಯ ಹಾಗೆ ದುಂಡಗೆ ತಿರುಗುವ ಗರಗಸ ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿತ್ತು. ಎರಡು ಚಕ್ರಗಳ ಮೇಲೆ ಬೆಲ್ಟಿನಂತೆ ಓಡುವ ಪಟ್ಟಿ ಗರಗಸಕ್ಕೆ 1808ರಲ್ಲಿ ವಿಲಿಯಂ ನ್ಯೂಬೆರಿ ಎಂಬಾತ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ. ಆದರೆ ಪಟ್ಟಿಯ ಎರಡು ತುದಿಯನ್ನು ಕಿತ್ತುಹೋಗದಂತೆ ಬೆಸೆಯುವ ವಿದ್ಯೆ ಅವನ ಕಾಲಕ್ಕೆ ಸಿಕ್ಕಿರಲಿಲ್ಲ. ಆ ಉಪಾಯ ಕಂಡುಹಿಡಿದು 1846ರಲ್ಲಿ ಪೇಟೆಂಟ್ ಪಡೆದವಳು ಆನ್ ಪೌಲಿನ್ ಕ್ರೆಪಿನ್ ಎಂಬ ಫ್ರಾನ್ಸ್ ದೇಶದ ಹೆಣ್ಣುಮಗಳು. ಇವತ್ತು ಸಾಮಿಲ್‌ಗಳಲ್ಲಿ ಕಿರ್ರೆಂದು ಓಡುವ ಪಟ್ಟಿ ಗರಗಸಗಳಿಗೆಲ್ಲ ಅದೇ ಮೂಲ.

ಮರ ಸಾಮಿಲ್ಲಿಗೆ ಹೋದ ಮೇಲೆ

ಸಾಮಿಲ್ ಬಂದದ್ದರಿಂದ ಕೆಲಸ ಬೇಗವಾಯಿತು, ಕೂಲಿ ಕಡಿಮೆಯಾಯಿತು, ಹಲಗೆ ನುಣ್ಣಗೆ ಬಂತು. ಇದನ್ನು ಒಪ್ಪಲೇಬೇಕು. ಆದರೆ ಮೊದಲು ಗರಗಸ ಮರದ ಹತ್ತಿರ ಬರುತ್ತಿದ್ದದ್ದು ಹೋಗಿ, ಮರವೇ ಗರಗಸದ ಹತ್ತಿರ ಹೋಗಬೇಕಾಯಿತು. ಹಲಸಿನ ಒಂದು ದಿಮ್ಮಿ ಎತ್ತಿ ಗಾಡಿಗೆ ಹಾಕುವುದು ನಾಲ್ಕು ಜನರ ಕೈಲಿ ಆಗುವ ಮಾತಲ್ಲ. ಟ್ರ್ಯಾಕ್ಟರ್ ಬಾಡಿಗೆ, ಎತ್ತುವ ಕೂಲಿ, ಇಳಿಸುವ ಕೂಲಿ, ಕೊಯ್ಯುವ ಕೂಲಿ ಎಲ್ಲ ಸೇರಿದರೆ ಒಂದೇ ಮರ ಇರುವವನಿಗೆ ಏನೂ ಗಿಟ್ಟುವುದಿಲ್ಲ. ಆದ್ದರಿಂದ ಅವನು ಏನು ಮಾಡುತ್ತಾನೆ? ಬಾಗಿಲಿಗೆ ಬಂದ ಮರದ ವ್ಯಾಪಾರಿಗೆ ನಿಂತ ಮರವನ್ನೇ ಮಾರುತ್ತಾನೆ. ವ್ಯಾಪಾರಿ ಮರದ ಬುಡದಿಂದ ತುದಿಯವರೆಗೆ ಒಂದು ಸಲ ಕಣ್ಣಾಡಿಸಿ, "ಒಳಗೆ ಪೊಳ್ಳು ಇರ್‍ಬೋದು ಕಣ್ ಗೌಡ್ರೇ, ಸೌದೆ ರೇಟ್ಗೇ ಕೊಟ್ಬುಡಿ" ಅಂತಾನೆ. ಮಗಳ ಮದುವೆಯೋ ಆಸ್ಪತ್ರೆ ಖರ್ಚೋ ತಲೆಮೇಲೆ ಇದ್ದವನು ಹೂಂ ಅಂತಾನೆ. ಆ ಮರ ಸಾಮಿಲ್ಲಿನಲ್ಲಿ ಎಷ್ಟು ಹಲಗೆ ಕೊಟ್ಟಿತು ಅಂತ ಅವನಿಗೆ ಕೊನೆಗೂ ಗೊತ್ತಾಗುವುದಿಲ್ಲ.

ಮರ ಅಳೆಯುವ ಲೆಕ್ಕ ಏನೂ ಬ್ರಹ್ಮವಿದ್ಯೆಯಲ್ಲ. ಸದಸ್ಯರೆಲ್ಲ ತಿಳಿದಿರಲಿ ಅಂತ ಇಲ್ಲಿ ಬರೆಯುತ್ತೇವೆ. ದಿಮ್ಮಿಯ ನಡುಭಾಗದ ಸುತ್ತಳತೆಯನ್ನು ಟೇಪಿನಲ್ಲಿ ಹಿಡಿಯಿರಿ. ಅದರಲ್ಲಿ ಕಾಲು ಭಾಗ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ. ಸುತ್ತಳತೆ 60 ಇಂಚು, ಉದ್ದ 8 ಅಡಿ ಇರುವ ದಿಮ್ಮಿ ಅಂದುಕೊಳ್ಳೋಣ. 60ರ ಕಾಲು ಭಾಗ 15. ಹದಿನೈದು ಹದಿನೈದಲೆ 225. ಉದ್ದ 8 ಅಡಿ ಎಂದರೆ 96 ಇಂಚು. 225ನ್ನು 96ರಿಂದ ಗುಣಿಸಿದರೆ 21,600. ಒಂದು ಘನ ಅಡಿಗೆ 1,728 ಘನ ಇಂಚು, ಅದರಿಂದ ಭಾಗಿಸಿದರೆ ಹನ್ನೆರಡೂವರೆ ಘನ ಅಡಿ. ಮರದ ಡಿಪೋಗಳಲ್ಲಿ ಸಿ.ಎಫ್.ಟಿ. ಅನ್ನುವುದು ಇದನ್ನೇ.

ಇಲ್ಲೊಂದು ಸೂಕ್ಷ್ಮವಿದೆ. ಅದೇ ದಿಮ್ಮಿಯ ನಿಜವಾದ ಗಾತ್ರ ಲೆಕ್ಕ ಹಾಕಿದರೆ ಸುಮಾರು 15.9 ಘನ ಅಡಿ ಆಗುತ್ತದೆ. ಅಂದರೆ ಕಾಲು ಸುತ್ತಳತೆಯ ಲೆಕ್ಕದಲ್ಲೇ ನೂರಕ್ಕೆ ಇಪ್ಪತ್ತೊಂದು ಪಾಲು ಬಿಟ್ಟು ಹೋಗಿದೆ. ದುಂಡು ಮರವನ್ನು ಚೌಕ ಮಾಡುವಾಗ ಹೊರಪಟ್ಟೆ ಹೋಗುತ್ತದಲ್ಲ, ಅದಕ್ಕೆ ಆ ಕಳೆತ. ಅದು ನ್ಯಾಯವೇ. ಆದರೆ ಕಳೆತ ಆಗಲೇ ಸೇರಿದೆ ಅಂತ ತಿಳಿದವನು, ಸೊಟ್ಟ ಇದೆ ಪಟ್ಟೆ ಇದೆ ಅಂತ ಇನ್ನೊಂದು ಸಲ ಕಳೆಯಲು ಬಂದವರಿಗೆ ಸುಮ್ಮನೆ ತಲೆಯಾಡಿಸುವುದಿಲ್ಲ.

ನಾವು ಹೂಡಿದ ಗಾಲಿ ಗರಗಸ

ಒಂದು ಮುಂಗಾರಿಗೆ ಮುಂಚಿನ ಬಿರುಗಾಳಿಯಲ್ಲಿ ನಮ್ಮ ಸ್ನೇಹಿತರೊಬ್ಬರ ಹಿತ್ತಲ ಹಲಸು ಬುಡಸಮೇತ ಉರುಳಿತು. ಅವರ ತಾತ ನೆಟ್ಟ ಮರ. ವ್ಯಾಪಾರಿ ಬಂದು ಸೌದೆ ಬೆಲೆ ಹೇಳಿದ. ಸ್ನೇಹಿತರಿಗೆ ಮನಸ್ಸು ಬರಲಿಲ್ಲ. "ನಮ್ಮಜ್ಜನ ಮರ ಒಲೆಗೆ ಹಾಕಾಕಿಲ್ಲ ಕಣ್ರಣ್ಣ, ನಾವೇ ಏನಾರ ಮಾಡಾನ" ಅಂದರು. ಅವರಿಗೆ ಟ್ರ್ಯಾಕ್ಟರ್ ರಿಪೇರಿ, ವೆಲ್ಡಿಂಗ್ ಎರಡೂ ಗೊತ್ತು. ಹೊರದೇಶಗಳಲ್ಲಿ ರೈತರು ಸಣ್ಣ ಪಟ್ಟಿ ಗರಗಸವನ್ನು ಗಾಡಿಗೆ ಕಟ್ಟಿಕೊಂಡು ಮರ ಇರುವಲ್ಲಿಗೇ ಹೋಗಿ ಕೊಯ್ಯುತ್ತಾರೆ ಎಂಬುದನ್ನು ಚಿತ್ರಗಳಲ್ಲಿ ನೋಡಿದ್ದರು. ಅಮೆರಿಕದಲ್ಲಿ ಇಂಥ ಯಂತ್ರಗಳು 1980ರ ದಶಕದಿಂದ ತುಂಬ ಹರಡಿವೆ. ನಾವೂ ಒಂದು ಹೂಡಿ ನೋಡೋಣ ಅಂತ ನಾಲ್ಕು ಜನ ಸೇರಿದೆವು.

ಯಂತ್ರದ ತತ್ತ್ವ ಬಹಳ ಸರಳ. ದಿಮ್ಮಿ ಅಲ್ಲಾಡದೆ ನೆಲದ ಹತ್ತಿರವೇ ಮಲಗಿರುತ್ತದೆ, ಗರಗಸವೇ ಅದರ ಉದ್ದಕ್ಕೂ ಸಾಗುತ್ತದೆ. ದಿಮ್ಮಿಯ ಎರಡು ಕಡೆ 20 ಅಡಿ ಉದ್ದದ ಎರಡು ಕಬ್ಬಿಣದ ಆಂಗ್ಲರ್ ಹಾಸಿ, ರಸಮಟ್ಟ ಇಟ್ಟು ಸಮ ಮಾಡಿ ರೈಲು ಕಂಬಿಯಂತೆ ಜೋಡಿಸಿದೆವು. ಅದರ ಮೇಲೆ ಉರುಳುವ ಒಂದು ಚೌಕಟ್ಟು. ಚೌಕಟ್ಟಿನಲ್ಲಿ ಮಾರುತಿ 800 ಕಾರಿನ ಎರಡು ಹಳೆಯ ಚಕ್ರ, ಟೈರ್ ಸಮೇತ. ಟೈರಿನ ಹೊರ ಅಡ್ಡಳತೆ ಸುಮಾರು 20 ಇಂಚು. ಎರಡು ಚಕ್ರದ ನಡುಬಿಂದುಗಳಿಗೆ 45 ಇಂಚು ಅಂತರ. ಅವೆರಡನ್ನೂ ಸುತ್ತುವ ಗರಗಸದ ಪಟ್ಟಿ ಹನ್ನೆರಡೂ ಮುಕ್ಕಾಲು ಅಡಿ. ಟೈರಿನ ರಬ್ಬರ್ ಪಟ್ಟಿಯನ್ನು ಕಚ್ಚಿ ಹಿಡಿಯುತ್ತದೆ, ಜಾರಲು ಬಿಡುವುದಿಲ್ಲ. ಒಂದು ಚಕ್ರವನ್ನು ಸ್ಕ್ರೂ ತಿರುಗಿಸಿ ಆಚೆ ತಳ್ಳಿದರೆ ಪಟ್ಟಿ ಬಿಗಿಯಾಗುತ್ತದೆ.

ಪಟ್ಟಿ ನಿಮಿಷಕ್ಕೆ ಸುಮಾರು ನಾಲ್ಕು ಸಾವಿರ ಅಡಿ ಓಡಿದರೆ ಚೆನ್ನಾಗಿ ಕೊಯ್ಯುತ್ತದೆ. ನಮ್ಮಲ್ಲಿದ್ದದ್ದು ನೀರೆತ್ತುವ ಡೀಸೆಲ್ ಎಂಜಿನ್, ನಿಮಿಷಕ್ಕೆ 1,500 ಸುತ್ತು. ಎಂಜಿನ್ನಿಗೆ 5 ಇಂಚಿನ ಪುಲ್ಲಿ, ಗರಗಸದ ಚಕ್ರಕ್ಕೆ 10 ಇಂಚಿನ ಪುಲ್ಲಿ ಹಾಕಿದೆವು. ಚಕ್ರ 750 ಸುತ್ತು ತಿರುಗಿತು. 20 ಇಂಚಿನ ಚಕ್ರ ಒಂದು ಸುತ್ತಿಗೆ ಐದೂ ಕಾಲು ಅಡಿಯಷ್ಟು ಪಟ್ಟಿ ಓಡಿಸುತ್ತದೆ, ನಿಮಿಷಕ್ಕೆ ಸುಮಾರು 3,900 ಅಡಿ ಆಯಿತು. ಗದ್ದೆಗೆ ನೀರೆತ್ತುವಾಗ ಹಾಕುವ ಲೆಕ್ಕವೇ ಇದು, ಬೇರೆ ಏನೂ ಇಲ್ಲ. 5 ಕುದುರೆ ಶಕ್ತಿಯ ಎಂಜಿನ್ ಸಣ್ಣ ದಿಮ್ಮಿಗೆ ಸಾಕಾಯಿತು. ಹಲಸಿನ ಬುಡದ ದಿಮ್ಮಿಗೆ ಉಸಿರು ಕಟ್ಟಿತು. ಅದಕ್ಕೆ ದೊಡ್ಡ ಎಂಜಿನ್ ಬೇಕಾಯಿತು.

ಮೊದಲನೆಯ ದಿನ ಪಟ್ಟಿ ಚಕ್ರದಿಂದ ಮೂರು ಸಲ ಜಾರಿ ಬಿತ್ತು. ಎರಡು ಚಕ್ರ ಒಂದೇ ಸಾಲಿನಲ್ಲಿ ಇರಲಿಲ್ಲ. ಅದನ್ನು ಸರಿ ಮಾಡಿದ ಮೇಲೆ ಹಲಗೆ ಹಾವಿನಂತೆ ಅಲೆಅಲೆಯಾಗಿ ಬಂತು. ತೊಗಟೆಯಲ್ಲಿ ಮೆತ್ತಿಕೊಂಡ ಮರಳು ಗರಗಸದ ಹಲ್ಲನ್ನು ಮೊಂಡು ಮಾಡಿತ್ತು. ದಿಮ್ಮಿಯನ್ನು ನೀರು ಹಾಕಿ ತೊಳೆದು, ಹಲ್ಲು ಅರದಲ್ಲಿ ಉಜ್ಜಿ, ಪಟ್ಟಿ ಬಿಗಿ ಮಾಡಿದಾಗ ನೇರವಾಯಿತು. ಹಲಸಿನ ಅಂಟು ಪಟ್ಟಿಗೆ ಹತ್ತಿಕೊಂಡು ಬಿಸಿಯಾಗುತ್ತಿತ್ತು. ಒಂದು ಡಬ್ಬಿಗೆ ತೂತು ಮಾಡಿ ಸೋಪಿನ ನೀರು ತೊಟ್ಟಿಕ್ಕುವ ಹಾಗೆ ಕಟ್ಟಿದೆವು. ಒಂದು ಸಲ ಹಳೆಯ ಕಾಲದ ಮೊಳೆ ಸಿಕ್ಕಿ ಒಂದು ಪಟ್ಟಿಯೇ ಹಾಳಾಯಿತು. ಯಾರೋ ಯಾವತ್ತೋ ಬಟ್ಟೆ ಒಣಗಿಸಲು ಹೊಡೆದ ಮೊಳೆ. ಬೆಸುಗೆ ಬಿಟ್ಟು ಪಟ್ಟಿ ಕಿತ್ತು ಬಂದ ದಿನ ಆ ಫ್ರಾನ್ಸಿನ ಹೆಣ್ಣುಮಗಳ ಬೆಲೆ ನಮಗೆ ಗೊತ್ತಾಯಿತು.

ಗರಗಸ ಮೇಲೆ ಕೆಳಗೆ ಮಾಡಲು 20 ಮಿಲಿಮೀಟರಿನ ಥ್ರೆಡ್ ರಾಡು ಹಾಕಿದ್ದೆವು. ಒಂದು ಸುತ್ತಿಗೆ ಎರಡೂವರೆ ಮಿಲಿಮೀಟರ್ ಇಳಿಯುತ್ತದೆ. ಹತ್ತು ಸುತ್ತಿಗೆ 25 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಇಂಚು. ಹತ್ತು ಸುತ್ತು ತಿರುಗಿಸಿ ಕೊಯ್ದೆವು. ಹಲಗೆ ಅಳೆದರೆ ಇಂಚಿಗೆ ಕಡಿಮೆ! ಯಾಕಪ್ಪ ಅಂತ ತಲೆ ಕೆರೆದುಕೊಂಡು ನಿಂತಾಗ, ಅಲ್ಲೇ ಕೂತಿದ್ದ ಹಿರಿಯ ಆಚಾರ್ರು ನಕ್ಕು, "ಹಲಗೆಗೆ ಹತ್ತು ಕೊಟ್ರಿ, ಗರಗಸದ ಪಾಲು ಕೊಟ್ಟಿಲ್ವಲ್ಲ" ಅಂದರು. ಗರಗಸ ತಾನು ಕೊಯ್ಯುವ ದಾರಿಯಲ್ಲಿ ಒಂದಿಷ್ಟು ಮರ ತಿಂದೇ ತಿನ್ನುತ್ತದೆ. ಅವತ್ತಿನಿಂದ ಹನ್ನೊಂದು ಸುತ್ತು. ಹತ್ತು ಹಲಗೆಗೆ, ಒಂದು ಗರಗಸಕ್ಕೆ.

ಈ ಗರಗಸದ ಪಾಲು ಎಂಬುದೇ ಇಡೀ ಲೆಕ್ಕದ ಜೀವ. ದಪ್ಪ ತಟ್ಟೆ ಗರಗಸ ಒಂದೊಂದು ಕೊಯ್ತಕ್ಕೆ ಎರಡು ನೂಲು, ಅಂದರೆ ಕಾಲು ಇಂಚಿನಷ್ಟು ಮರವನ್ನು ಹೊಟ್ಟು ಮಾಡುತ್ತದೆ. ಒಂದು ಅಡಿ ಚೌಕದ ದಿಮ್ಮಿಯಿಂದ ಒಂದು ಇಂಚಿನ ಹಲಗೆ ಕೊಯ್ದರೆ ಅದರಲ್ಲಿ ಒಂಬತ್ತು ಹಲಗೆ ಸಿಗುತ್ತದೆ. ತೆಳು ಪಟ್ಟಿ ಗರಗಸ ತಿನ್ನುವುದು ಸುಮಾರು 2 ಮಿಲಿಮೀಟರ್. ಅದೇ ದಿಮ್ಮಿಯಿಂದ ಹನ್ನೊಂದು ಹಲಗೆ. ಒಂದೇ ಮರ, ಎರಡು ಹಲಗೆ ವ್ಯತ್ಯಾಸ. ಆ ಎರಡು ಹಲಗೆ ಹೊಟ್ಟಾಗಿ ನೆಲಕ್ಕೆ ಬೀಳುತ್ತಿತ್ತು, ನಾವು ಯಾರೂ ಕಂಡಿರಲಿಲ್ಲ.

ತಾತನ ಹಲಸಿನಿಂದ ಎರಡು ಬಾಗಿಲು, ಒಂದು ದೇವರ ಮಂಟಪ, ಮೂರು ಬೆಂಚಿಗೆ ಆಗುವಷ್ಟು ಹಲಗೆ ಬಂತು. ಹಲಗೆ ಹಲಗೆಯ ನಡುವೆ ರೀಪು ಇಟ್ಟು, ನೆರಳಿನಲ್ಲಿ ಗಾಳಿಯಾಡುವಂತೆ ಪೇರಿಸಿ ತಿಂಗಳುಗಟ್ಟಲೆ ಒಣಗಿಸಿದ ಮೇಲೆ ಆಚಾರ್ರು ಕೈ ಹಚ್ಚಿದರು. ಅರಿಶಿನದಂಥ ಬಣ್ಣದ ಆ ಬಾಗಿಲು ಈಗ ಕಂದು ತಿರುಗಿದೆ. ಇನ್ನೂ ಎರಡು ತಲೆಮಾರು ನಿಲ್ಲುವುದರಲ್ಲಿ ಸಂಶಯವಿಲ್ಲ.

ಎರಡು ತಪ್ಪು

ಇಲ್ಲಿಗೇ ನಿಲ್ಲಿಸಿದ್ದರೆ ಇದೊಂದು ಬೆನ್ನು ತಟ್ಟಿಕೊಳ್ಳುವ ಲೇಖನವಾಗುತ್ತಿತ್ತು. ಆದರೆ ನಡೆದದ್ದನ್ನು ಮುಚ್ಚಿಟ್ಟರೆ ಓದುವ ಹುಡುಗರಿಗೆ ದ್ರೋಹ ಮಾಡಿದಂತೆ.

ಮೊದಲನೆಯ ತಪ್ಪು. ಕಾರಿನ ಚಕ್ರಗಳಿಗೂ ಪಟ್ಟಿಗೂ ನಾವು ಮುಚ್ಚಳ ಹಾಕಿರಲಿಲ್ಲ. ಮೊದಲು ಓಡಲಿ, ಆಮೇಲೆ ತಗಡು ಬಡಿಯೋಣ ಅಂತ ಉಡಾಫೆ. ಒಂದು ಸಂಜೆ, ಇನ್ನೊಂದೇ ಕೊಯ್ತ ಬಾಕಿ ಇರುವಾಗ, ಸ್ನೇಹಿತರು ಕಟ್ಟಿಕೊಂಡ ಹೊಟ್ಟನ್ನು ಎಡಗೈಯಲ್ಲಿ ತೆಗೆಯಲು ಹೋದರು. ಎಂಜಿನ್ ಆರಿಸಿತ್ತು, ಆದರೆ ಚಕ್ರ ಇನ್ನೂ ತಿರುಗುತ್ತಿತ್ತು. ಎರಡು ಬೆರಳಿನ ತುದಿ ಹೋಯಿತು. ಟವಲ್ಲು ಸುತ್ತಿ ಬೈಕಿನಲ್ಲಿ ಮಂಡ್ಯಕ್ಕೆ ಕರೆದೊಯ್ದ ಆ ಹಾದಿ ನಮಗೆ ಇವತ್ತೂ ಮರೆತಿಲ್ಲ. ಆಸ್ಪತ್ರೆಯಲ್ಲಿ ಅವರು ಹೇಳಿದ ಮೊದಲ ಮಾತು, "ಅಮ್ಮಂಗೆ ಈಗ್ಲೇ ಯೋಳ್ಬೇಡಿ." ಅವರು ಈಗಲೂ ನಮ್ಮ ಸಂಘದ ಸದಸ್ಯರು. ಅದೇ ಕೈಯಲ್ಲಿ ಹಾಲಿನ ಕ್ಯಾನು ಹಿಡಿದು ದಿನಾ ಬೆಳಿಗ್ಗೆ ಡೈರಿಗೆ ಬರುತ್ತಾರೆ. ಈ ಲೇಖನದಲ್ಲಿ ಇದನ್ನು ಬರೆಯಲೇಬೇಕು ಅಂತ ಹಠ ಹಿಡಿದವರೂ ಅವರೇ.

ಎರಡನೆಯ ತಪ್ಪು ಕಾನೂನಿನದು. ಸ್ವಂತ ಮರ, ಸ್ವಂತ ಯಂತ್ರ, ಯಾರನ್ನು ಯಾಕೆ ಕೇಳಬೇಕು ಅಂತ ನಾವು ಅನುಮತಿಯ ಮಾತೇ ಎತ್ತಿರಲಿಲ್ಲ. ತಿಳಿದವರೊಬ್ಬರು ಕೂರಿಸಿ ಬುದ್ಧಿ ಹೇಳಿದಾಗ ಕಣ್ಣು ತೆರೆಯಿತು. ಕಾಡು ಬೋಳಾಗುವುದನ್ನು ತಡೆಯಲು ಗೋದಾವರ್ಮನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ದೊಡ್ಡ ಆದೇಶ ಕೊಟ್ಟಿತು. ಕೇಂದ್ರ ಸರ್ಕಾರದ ಒಪ್ಪಿಗೆಯಿಲ್ಲದೆ ಕಾಡಿನೊಳಗೆ ನಡೆಯುತ್ತಿದ್ದ ಸಾಮಿಲ್‌ಗಳು ನಿಲ್ಲಬೇಕಾಯಿತು. 2002ರ ಅಕ್ಟೋಬರ್ 30ರಂದು, ಕೇಂದ್ರದ ಉನ್ನತಾಧಿಕಾರ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ರಾಜ್ಯವೂ ಹೊಸ ಸಾಮಿಲ್ಲಿಗೆ ಅನುಮತಿ ಕೊಡಕೂಡದು ಎಂದಿತು. 2016ರಲ್ಲಿ ಕೇಂದ್ರ ಸರ್ಕಾರ ಮರ ಆಧಾರಿತ ಉದ್ಯಮಗಳಿಗೆ ಮಾರ್ಗಸೂಚಿ ಹೊರಡಿಸಿ, ಆ ಕೆಲಸವನ್ನು ರಾಜ್ಯ ಮಟ್ಟದ ಸಮಿತಿಗಳಿಗೆ ವಹಿಸಿತು. ಮರ ಕಡಿಯುವುದಕ್ಕೂ ನಮ್ಮ ರಾಜ್ಯದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ತೆಂಗು, ನೀಲಗಿರಿ, ಸಿಲ್ವರ್, ಸರ್ವೆ, ಸುಬಾಬುಲ್ ಮುಂತಾದವಕ್ಕೆ ವಿನಾಯಿತಿ ಇದೆ. ಮಿಕ್ಕ ಮರಗಳಿಗೆ ಕೊಡಲಿ ಹಾಕುವ ಮುಂಚೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ ಕೇಳುವುದು ಕ್ಷೇಮ.

ಈ ಕಾನೂನು ನಮ್ಮಂಥ ಬದುವಿನ ಒಂದು ಮರದವನನ್ನು ಕಣ್ಣಲ್ಲಿ ಇಟ್ಟುಕೊಂಡು ಮಾಡಿದ್ದಲ್ಲ, ಕಾಡು ನುಂಗುವವರನ್ನು ತಡೆಯಲು ಮಾಡಿದ್ದು. ಆದರೂ ಕಾಡು ಉಳಿಯಬೇಕು ಅನ್ನುವವರು ನಾವೇ ಆದ ಮೇಲೆ, ನಮಗೆ ಮಾತ್ರ ಬೇರೆ ನ್ಯಾಯ ಕೇಳುವುದು ಸರಿಯಲ್ಲ. ಅಂದೇ ಪಟ್ಟಿ ಬಿಚ್ಚಿ, ಎಂಜಿನ್ನನ್ನು ಮತ್ತೆ ಬಾವಿಗೆ ಕೂರಿಸಿದೆವು. ಚೌಕಟ್ಟು ಸ್ನೇಹಿತರ ದನದ ಕೊಟ್ಟಿಗೆಯ ಮೂಲೆಯಲ್ಲಿದೆ. ಕೋಳಿಗಳು ಅದರ ಮೇಲೆ ಮಲಗುತ್ತವೆ.

ಸಂಘದ ಮುಂದೆ ಒಂದು ಮಾತು

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಅವರ ಕಣ್ಣ ಮುಂದೆ ಇದ್ದದ್ದು ಸಾಲಗಾರನ ಬಡ್ಡಿಯಲ್ಲಿ ಮುಳುಗಿದ ರೈತ. ಒಬ್ಬೊಬ್ಬನೇ ಹೋದರೆ ಲೆಕ್ಕ ಬೇರೆಯವನ ಕೈಯಲ್ಲಿ, ಒಟ್ಟಿಗೆ ಹೋದರೆ ಲೆಕ್ಕ ನಮ್ಮ ಕೈಯಲ್ಲಿ. ಡೈರಿಯಲ್ಲಿ ಹಾಲು ಅಳೆದು, ಡಿಗ್ರಿ ನೋಡಿ, ಬರೆದುಕೊಡುವುದನ್ನು ನಾವು ದಿನಾ ನೋಡುತ್ತೇವೆ. ಹಾಲಿಗೆ ಆದದ್ದು ಮರಕ್ಕೆ ಯಾಕೆ ಆಗಬಾರದು?

ಆದ್ದರಿಂದ ಬೆಳ್ಳಿಹಬ್ಬದ ಈ ವರ್ಷ ಮೂರು ಕೆಲಸಗಳನ್ನು ಸರ್ವಸದಸ್ಯರ ಸಭೆಯ ಮುಂದೆ ಇಡುತ್ತಿದ್ದೇವೆ. ಒಂದು, ಸಂಘದಲ್ಲಿ ಒಂದು ಅಳತೆ ಟೇಪು, ಒಂದು ಪುಸ್ತಕ ಇರಲಿ. ಮರ ಮಾರುವ ಸದಸ್ಯರ ಮರವನ್ನು ಮಾರುವ ಮುಂಚೆ ಇಬ್ಬರು ಹೋಗಿ ಅಳೆದು ಬರೆದುಕೊಡಲಿ. ಇದಕ್ಕೆ ಯಾವ ಪರವಾನಗಿಯೂ ಬೇಡ, ಕಾಸೂ ಬೇಡ. ಎರಡು, ನಾಲ್ಕಾರು ಮರ ಒಟ್ಟಿಗೆ ಸೇರಿಸಿ, ಪರವಾನಗಿ ಇರುವ ಸಾಮಿಲ್ಲಿಗೆ ಒಂದೇ ಬಾಡಿಗೆಯಲ್ಲಿ ಕಳಿಸಿ, ನಮ್ಮವರೇ ನಿಂತು ಹಲಗೆ ಎಣಿಸಿಕೊಂಡು ಬರಲಿ. ಪಟ್ಟಿ ಗರಗಸದಲ್ಲೇ ಕೊಯ್ಯಿರಿ ಅಂತ ಕೇಳಲಿ, ಆ ಎರಡು ಹಲಗೆ ನಮ್ಮದು.

ಮೂರನೆಯದು ಸ್ವಲ್ಪ ದೂರದ ಮಾತು. ಗಾಲಿ ಗರಗಸಕ್ಕೆ ಸಂಘದ ಹೆಸರಿನಲ್ಲಿ ಅನುಮತಿ ಸಿಗುತ್ತದೆಯೇ, ಸಿಕ್ಕರೆ ಯಾವ ನಿಬಂಧನೆಯಲ್ಲಿ ಎಂದು ಅರಣ್ಯ ಇಲಾಖೆಗೆ ಬರವಣಿಗೆಯಲ್ಲಿ ಕೇಳೋಣ. ಮುಖ್ಯವಾಗಿ ಮುದಿ ತೆಂಗಿಗಾಗಿ. ಇಳುವರಿ ನಿಂತ ತೆಂಗನ್ನು ನಾವು ಸೌದೆ ಮಾಡುತ್ತೇವೆ, ಇಲ್ಲವೇ ನಾಲೆಗೆ ಅಡ್ಡ ಹಾಕಿ ಸಂಕ ಮಾಡುತ್ತೇವೆ. ಫಿಲಿಪ್ಪೀನ್ಸ್ ದೇಶದಲ್ಲಿ ಮುದಿ ತೆಂಗಿನ ಹಲಗೆ, ತೊಲೆಗಳಿಂದ ಮನೆ ಕಟ್ಟುವುದು ಬಹಳ ಕಾಲದ ರೂಢಿ. ತೆಂಗಿನ ಬುಡದ ಕಡೆಯ ಹೊರಭಾಗ ಗಟ್ಟಿ, ಒಳಭಾಗ ಮೆದು. ಹೊರಭಾಗವನ್ನು ಬೇರೆ ಮಾಡಿ ಕೊಯ್ದರೆ ಜಂತೆಗೂ ರೀಪಿಗೂ ಆಗುತ್ತದೆ. ಕಾಯ್ದೆಯಲ್ಲಿ ಕಡಿಯಲು ವಿನಾಯಿತಿ ಇರುವ ಮರವೂ ಹೌದು, ನಮ್ಮಲ್ಲಿ ಹೇರಳವಾಗಿ ಇರುವ ಮರವೂ ಹೌದು. ಅನುಮತಿ ಸಿಕ್ಕರೆ ಯಂತ್ರಕ್ಕೆ ಮೊದಲು ಬಡಿಯುವುದು ಮುಚ್ಚಳದ ತಗಡು. ಈ ಷರತ್ತನ್ನು ಇಲಾಖೆಗಿಂತ ಮುಂಚೆ ನಾವೇ ಹಾಕಿಕೊಂಡಿದ್ದೇವೆ. ಸಿಗದಿದ್ದರೆ ಕೋಳಿಗಳು ಅಲ್ಲೇ ಮಲಗಲಿ, ನಮಗೆ ಬೇಸರವಿಲ್ಲ. ಮೊದಲ ಎರಡು ಕೆಲಸಕ್ಕೆ ಅದು ಅಡ್ಡಿಯಲ್ಲ.

ಇನ್ನೊಂದು ಮಾತು ಹೇಳದಿದ್ದರೆ ಲೇಖನ ಪೂರ್ತಿಯಾಗದು. ಹಲಸು ಕೊಯ್ದ ವರ್ಷವೇ ಸ್ನೇಹಿತರ ತಾಯಿ ಅದೇ ಜಾಗದಲ್ಲಿ ಎರಡು ಹಲಸಿನ ಸಸಿ ಊರಿದರು. "ಒಂದು ಹಣ್ಗೆ, ಒಂದು ಹಲ್ಗೆಗೆ" ಅಂತ ಅವರ ಮಾತು. ಎರಡೂ ಈಗ ಮಾಳಿಗೆ ಎತ್ತರ ಬೆಳೆದು ನಿಂತಿವೆ. ಒಂದು ಮರಕ್ಕೆ ಎರಡು ಸಸಿ ಎಂಬುದು ಸಂಘದ ಅಳತೆ ಪುಸ್ತಕದ ಮೊದಲ ಸಾಲಾಗಲಿ ಎಂಬುದೇ ನಮ್ಮ ಕೋರಿಕೆ.